ಕಯಾಕ್ ದೋಣಿಗೊಂದು ಅಟ್ಟಣಿಗೆ

ಬಳಸಿದ ವಸ್ತು ಸವೆಯುತ್ತದೆ, ಬಳಸದೆ ಇಟ್ಟದ್ದು ಉಳಿಯುತ್ತದೆ ಎಂಬುದು ಸಾಮಾನ್ಯವಾದ ತಿಳುವಳಿಕೆ. ಆದರೆ ಸುಮ್ಮನೆ ಇಟ್ಟುದರಿಂದಲೇ ಕೆಡುವ ವಸ್ತುಗಳೂ ಉಂಟು. ಕಯಾಕ್ ಎಂಬ ಕಿರುದೋಣಿ ಅಂಥವುಗಳಲ್ಲೊಂದು. ಹೊಳೆಯ ಬಂಡೆಗಳಿಗೆ ಬಡಿದು, ನೊರೆನೀರಿನಲ್ಲಿ ಉರುಳಿ, ಮುಕ್ಕಾಗದೆ ದಡ ಸೇರಿದ ದೋಣಿಯೊಂದು, ಆರು ತಿಂಗಳ ಕಾಲ ಎರಡು ಇಟ್ಟಿಗೆಗಳ ಮೇಲೆ ಅಲುಗದೆ ಮಲಗಿದ ಬಳಿಕ, ತಳದಲ್ಲಿ ಎರಡು ತಗ್ಗುಗಳನ್ನೂ ಬೆನ್ನಿನಲ್ಲೊಂದು ಬಾಗನ್ನೂ ಪಡೆದಿರುತ್ತದೆ. ಅದನ್ನು ಮತ್ತೆ ನೀರಿಗಿಳಿಸಿದಾಗ ಅದು ಮೊದಲಿನಂತೆ ನೇರವಾಗಿ ಸಾಗುವುದಿಲ್ಲ. ತಗ್ಗಿನ ಬಳಿ ನೀರು ಸುಳಿಗಟ್ಟುತ್ತದೆ. ಹುಟ್ಟು ಹಾಕುವವನ ತೋಳಿಗೆ ಶ್ರಮ ಹೆಚ್ಚುತ್ತದೆ.

ಹೊಡೆತವನ್ನು ತಾಳಿದ ದೋಣಿ ತನ್ನ ತೂಕವನ್ನೇ ಏಕೆ ತಾಳಲಾರದು? ಅದನ್ನು ಎಲ್ಲಿ, ಹೇಗೆ ಇರಿಸಿದರೆ ಈ ಕೇಡು ತಪ್ಪುತ್ತದೆ? ಈ ಪ್ರಶ್ನೆಗಳನ್ನು ಕೈಗೆತ್ತಿಕೊಂಡರೆ ಸನ್ನೆಯ ನಿಯಮ, ತೊಲೆಗಳ ಬಾಗುವಿಕೆ, ಅಣುಗಳ ಚಲನೆ, ಗಾಳಿಯ ಒತ್ತಡ ಇವೆಲ್ಲವೂ ಒಂದು ಮರಗೆಲಸದಲ್ಲಿ ಕೂಡಿ ಬರುವುದನ್ನು ನಾವು ಕಾಣುತ್ತೇವೆ. ಗರಗಸ ಹಿಡಿಯಬಲ್ಲ ವಿದ್ಯಾರ್ಥಿಗಳು ನಾಲ್ಕಾರು ಮಂದಿ ಸೇರಿದರೆ ಕಟ್ಟಬಹುದಾದ ಅಟ್ಟಣಿಗೆಯೊಂದನ್ನು, ಅದರ ಪ್ರತಿಯೊಂದು ಅಳತೆಗೂ ಕಾರಣವನ್ನು ಕೊಟ್ಟು, ಇಲ್ಲಿ ವಿವರಿಸಲಾಗಿದೆ.

ಚರ್ಮದಿಂದ ಪ್ಲಾಸ್ಟಿಕಿಗೆ

ಕಯಾಕ್ ಉತ್ತರಧ್ರುವ ಪ್ರದೇಶದ ಸೃಷ್ಟಿ. ಗ್ರೀನ್‌ಲೆಂಡ್, ಉತ್ತರ ಕೆನಡಾ, ಅಲಾಸ್ಕ ಮತ್ತು ಸೈಬೀರಿಯದ ಪೂರ್ವದಂಚಿನ ಇನ್ಯುಯಿಟ್, ಯೂಪಿಕ್, ಅಲ್ಯೂಟ್ ಜನರು ಸಮುದ್ರದಲ್ಲಿ ತೇಲಿಬಂದ ಕಟ್ಟಿಗೆಯಿಂದಲೂ ಪ್ರಾಣಿಗಳ ಮೂಳೆಗಳಿಂದಲೂ ಹಂದರವನ್ನು ಕಟ್ಟಿ, ಅದರ ಮೇಲೆ ಸೀಲ್ ಪ್ರಾಣಿಯ ಚರ್ಮವನ್ನು ಬಿಗಿದು ಈ ದೋಣಿಯನ್ನು ಮಾಡುತ್ತಿದ್ದರು. ಬೇಟೆಗಾರನೊಬ್ಬನು ಸೊಂಟದ ತನಕ ಒಳಗೆ ಕುಳಿತು ಎರಡೂ ಕಡೆ ಅಲಗುಳ್ಳ ಹುಟ್ಟಿನಿಂದ ಅದನ್ನು ನಡೆಸುತ್ತಿದ್ದನು. ದಡಕ್ಕೆ ಬಂದ ಮೇಲೆ ದೋಣಿಯನ್ನು ಅವರು ನೆಲದ ಮೇಲೆ ಬಿಡುತ್ತಿರಲಿಲ್ಲ. ಸೀಲಿನ ಕೊಬ್ಬು ಹಚ್ಚಿದ ಆ ಚರ್ಮ ಹಸಿದ ಬಂಡಿನಾಯಿಗಳಿಗೆ ರುಚಿಯಾದ ಆಹಾರ. ಆದುದರಿಂದ ಕಲ್ಲುಗಳನ್ನು ಕಂಬದಂತೆ ಪೇರಿಸಿ, ಅಥವಾ ಮರದ ಕವಲುಗಳನ್ನು ನೆಟ್ಟು, ನಾಯಿಗೆ ಎಟುಕದ ಎತ್ತರದಲ್ಲಿ ದೋಣಿಯನ್ನು ಇಡುತ್ತಿದ್ದರು. ಇಂಥ ಕಲ್ಲಿನ ಆಧಾರಗಳು ಕೆನಡಾದ ನೂನಾವುತ್ ಪ್ರದೇಶದ ಕಡಲತೀರಗಳಲ್ಲಿ ಇಂದಿಗೂ ಉಳಿದಿವೆ. ನಾವು ಕಟ್ಟಲಿರುವ ಅಟ್ಟಣಿಗೆಯ ಪೂರ್ವಜರು ಇವೇ.

ಹಂದರದ ಮೇಲೆ ಚರ್ಮ ಹೊದಿಸಿದ ದೋಣಿ ಕನ್ನಡಿಗರಿಗೆ ಅಪರಿಚಿತವಲ್ಲ. ತುಂಗಭದ್ರೆಯ ಹರಿಗೋಲು ಇದೇ ತತ್ತ್ವದ್ದು. ೧೫೨೦ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್, ಬುಟ್ಟಿಯಂತೆ ಹೆಣೆದು ತೊಗಲು ಹೊದಿಸಿದ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ದಡಕ್ಕೆ ಬಂದ ಹರಿಗೋಲನ್ನು ಅಂಬಿಗರು ಬೋರಲು ಹಾಕುವ ಪದ್ಧತಿಯಲ್ಲಿರುವ ವಿವೇಕವೇನೆಂಬುದು ಮುಂದೆ ತಿಳಿಯುತ್ತದೆ.

೧೮೬೫ರಲ್ಲಿ ಜಾನ್ ಮ್ಯಾಕ್‌ಗ್ರೆಗರ್ ಎಂಬ ಬ್ರಿಟಿಷ್ ವಕೀಲನು ಕಯಾಕಿನ ಮಾದರಿಯ ಮರದ ದೋಣಿಯೊಂದನ್ನು ಮಾಡಿಸಿ ಯೂರೋಪಿನ ನದಿಗಳಲ್ಲಿ ಸಂಚರಿಸಿದ ಬಳಿಕ, ಬೇಟೆಯ ಉಪಕರಣವಾಗಿದ್ದ ಕಯಾಕ್ ಕ್ರೀಡೆಯ ಉಪಕರಣವಾಯಿತು. ೧೯೩೬ರ ಬರ್ಲಿನ್ ಒಲಿಂಪಿಕ್ ಕ್ರೀಡೆಗಳಲ್ಲಿ ಅದಕ್ಕೆ ಪೂರ್ಣ ಸ್ಥಾನ ದೊರಕಿತು. ತರುವಾಯ ಗಾಜಿನೆಳೆ ಬೆರೆಸಿದ ರಾಳದ ದೋಣಿಗಳು ಬಂದವು. ೧೯೭೦ರ ದಶಕದಲ್ಲಿ ಪಾಲಿಎಥಿಲೀನ್ ಪುಡಿಯನ್ನು ಬಿಸಿ ಅಚ್ಚಿನಲ್ಲಿ ತಿರುಗಿಸಿ ಇಡೀ ದೋಣಿಯನ್ನು ಒಂದೇ ತುಂಡಾಗಿ ಎರಕ ಹೊಯ್ಯುವ ವಿಧಾನ ಬಳಕೆಗೆ ಬಂತು. ದಾಂಡೇಲಿಯ ಕಾಳಿ ನದಿಯಲ್ಲಿಯೂ ಹೊನ್ನಾವರದ ಶರಾವತಿ ಹಿನ್ನೀರಿನಲ್ಲಿಯೂ ಪ್ರವಾಸಿಗಳು ನಡೆಸುವ ಬಣ್ಣಬಣ್ಣದ ದೋಣಿಗಳಲ್ಲಿ ಹೆಚ್ಚಿನವು ಈ ಜಾತಿಯವು.

ನಿಧಾನವಾಗಿ ಹರಿಯುವ ಘನ

ಪಾಲಿಎಥಿಲೀನನ್ನು ೧೯೩೩ರಲ್ಲಿ ಇಂಗ್ಲೆಂಡಿನ ರಸಾಯನವಿಜ್ಞಾನಿಗಳಾದ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಅವರು ಆಕಸ್ಮಿಕವಾಗಿ ಪಡೆದರು. ಹೆಚ್ಚು ಗಟ್ಟಿಯಾದ ಪಾಲಿಎಥಿಲೀನನ್ನು ಕಡಮೆ ಒತ್ತಡದಲ್ಲಿ ತಯಾರಿಸುವ ಮಾರ್ಗವನ್ನು ೧೯೫೩ರಲ್ಲಿ ಜರ್ಮನಿಯ ಕಾರ್ಲ್ ತ್ಸೀಗ್ಲರ್ ಕಂಡುಹಿಡಿದನು. ಇಟಲಿಯ ಗುಲಿಯೊ ನಾಟ್ಟನೊಡನೆ ೧೯೬೩ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡನು. ಇದರ ಅಣುಗಳು ಸಾವಿರಾರು ಇಂಗಾಲ ಪರಮಾಣುಗಳ ಉದ್ದವಾದ ಸರಪಣಿಗಳು. ಕೆಲವು ಕಡೆ ಈ ಸರಪಣಿಗಳು ಮಡಿಕೆ ಮಡಿಕೆಯಾಗಿ ಒಪ್ಪವಾಗಿ ಜೋಡಣೆಗೊಂಡು ಹರಳುಗಳಾಗಿರುತ್ತವೆ. ಉಳಿದೆಡೆ ಶಾವಿಗೆಯಂತೆ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ.

ಘನವಸ್ತುವಿನಲ್ಲಿಯೂ ಅಣುಗಳು ಸದಾ ಕಂಪಿಸುತ್ತಿರುತ್ತವೆ. ವಸ್ತು ತನ್ನ ಕರಗುವ ಉಷ್ಣತೆಗೆ ಎಷ್ಟು ಸಮೀಪದಲ್ಲಿದೆಯೋ ಅಷ್ಟು ಸುಲಭವಾಗಿ ಅವು ಸ್ಥಾನ ಬದಲಿಸಬಲ್ಲವು. ನಿರಪೇಕ್ಷ ಮಾನದಲ್ಲಿ ಕೋಣೆಯ ಉಷ್ಣತೆ ಸುಮಾರು ೩೦೦ ಡಿಗ್ರಿ. ಉಕ್ಕು ಕರಗುವುದು ಸುಮಾರು ೧೮೦೦ ಡಿಗ್ರಿಯಲ್ಲಿ. ಕೋಣೆಯ ಉಷ್ಣತೆ ಅದರ ಆರರಲ್ಲೊಂದು ಪಾಲು ಮಾತ್ರ. ಸೀಸ ಕರಗುವುದು ೬೦೦ ಡಿಗ್ರಿಯಲ್ಲಿ. ಇಲ್ಲಿ ಪ್ರಮಾಣ ಅರ್ಧ. ಯೂರೋಪಿನ ಹಳೆಯ ಇಗರ್ಜಿಗಳ ಛಾವಣಿಗೆ ಹೊದಿಸಿದ ಸೀಸದ ತಗಡುಗಳು ಶತಮಾನಗಳಲ್ಲಿ ತಮ್ಮ ತೂಕದಿಂದಲೇ ಕೆಳಕ್ಕೆ ಜಾರಿ ಸುಕ್ಕುಗಟ್ಟಿರುವುದಕ್ಕೆ ಇದೇ ಕಾರಣ. ಗಟ್ಟಿ ಪಾಲಿಎಥಿಲೀನ್ ಕರಗುವುದು ಸುಮಾರು ೪೦೦ ಡಿಗ್ರಿಯಲ್ಲಿ, ಎಂದರೆ ನಮ್ಮ ಮಾಮೂಲು ಮಾನದ ೧೩೦ ಡಿಗ್ರಿಯಲ್ಲಿ. ಕೋಣೆಯ ಉಷ್ಣತೆ ಅದರ ಮುಕ್ಕಾಲು ಪಾಲು! ಹೀಗಿರಲಾಗಿ ಅದರ ಸರಪಣಿಗಳು ಅಲ್ಪ ಬಲಕ್ಕೂ, ಆ ಬಲ ತಿಂಗಳುಗಟ್ಟಲೆ ಎಡೆಬಿಡದೆ ಇದ್ದರೆ, ಒಂದರ ಮೇಲೊಂದು ಜಾರುತ್ತವೆ. ಈ ಕ್ರಿಯೆಯನ್ನು ತೆವಳುವಿಕೆ ಎಂದು ಕರೆಯಬಹುದು. ಬಂಡೆಯ ಹೊಡೆತ ಕ್ಷಣಮಾತ್ರದ್ದು. ಅಷ್ಟರಲ್ಲಿ ಸರಪಣಿಗಳಿಗೆ ಜಾರಲು ವ್ಯವಧಾನವಿಲ್ಲ. ಅವು ಬಾಗಿ ಮತ್ತೆ ಮೊದಲಿನ ಆಕಾರಕ್ಕೆ ಮರಳುತ್ತವೆ. ಇಟ್ಟಿಗೆಯ ಒತ್ತು ಹಗಲಿರುಳೂ ಇರುವುದರಿಂದ ಅಲ್ಲಿ ಸರಪಣಿಗಳು ಹೊಸ ಸ್ಥಾನಗಳಲ್ಲಿ ನೆಲೆಗೊಳ್ಳುತ್ತವೆ.

ಇದನ್ನು ವಾಚಕರು ಮನೆಯಲ್ಲಿಯೇ ಪರೀಕ್ಷಿಸಬಹುದು. ತೆಳುವಾದ ಪ್ಲಾಸ್ಟಿಕ್ ಚೀಲದಿಂದ ಎರಡು ಸೆಂಟಿಮೀಟರು ಅಗಲದ ಪಟ್ಟಿಯನ್ನು ಕತ್ತರಿಸಿ, ಮಸಿಯಿಂದ ಎರಡು ಗುರುತು ಹಾಕಿ, ಹರಿಯದಷ್ಟು ತೂಕದ ಕಲ್ಲೊಂದನ್ನು ತೂಗಹಾಕಿರಿ. ಗುರುತುಗಳ ನಡುವಣ ದೂರವನ್ನು ಒಂದು ನಿಮಿಷದ, ಒಂದು ಗಂಟೆಯ, ಒಂದು ದಿನದ ಬಳಿಕ ಅಳೆಯಿರಿ. ತೂಕ ಬದಲಾಗದಿದ್ದರೂ ಪಟ್ಟಿ ಬೆಳೆಯುತ್ತಲೇ ಇರುತ್ತದೆ. ಕಲ್ಲನ್ನು ತೆಗೆದರೆ ಒಂದಷ್ಟು ಕುಗ್ಗುತ್ತದೆ, ಪೂರ್ತಿಯಾಗಿ ಕುಗ್ಗುವುದಿಲ್ಲ. ಮರಳಿಬಾರದ ಆ ಉಳಿಕೆಯೇ ದೋಣಿಯ ತಳದ ತಗ್ಗು.

ಆಧಾರ ಎಲ್ಲಿರಬೇಕು?

ತೆವಳುವಿಕೆಯನ್ನು ನಿಲ್ಲಿಸಲಾರೆವು; ಆದರೆ ಅದಕ್ಕೆ ಕಾರಣವಾದ ಬಲವನ್ನು ಕುಗ್ಗಿಸಬಲ್ಲೆವು. ನಮ್ಮ ದೋಣಿ ೪.೨ ಮೀಟರು ಉದ್ದವಾಗಿ ೨೪ ಕಿಲೋಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳೋಣ. ಲೆಕ್ಕದ ಸೌಲಭ್ಯಕ್ಕಾಗಿ ಈ ತೂಕ ಉದ್ದಕ್ಕೂ ಸಮನಾಗಿ ಹಂಚಿದೆ ಎಂದು ಭಾವಿಸೋಣ. ಬಲವನ್ನು ಅದು ತಿರುಗಿಸುವ ಬಿಂದುವಿನಿಂದ ಇರುವ ದೂರದಿಂದ ಗುಣಿಸಿದರೆ ತಿರುಗುಬಲ ಬರುತ್ತದೆ. ಸನ್ನೆಯ ನಿಯಮವನ್ನು ಓದಿದವರಿಗೆ ಇದು ಗೊತ್ತು. ತೊಲೆಯನ್ನು ಬಾಗಿಸುವ ತಿರುಗುಬಲವನ್ನು ಬಾಗುಬಲವೆಂದು ಕರೆಯೋಣ.

ದೋಣಿಯನ್ನು ಎರಡು ತುದಿಗಳಲ್ಲಿ ಹಿಡಿದು ತೂಗಹಾಕಿದರೆ ನಟ್ಟನಡುವೆ ಬಾಗುಬಲ ಅತ್ಯಧಿಕವಾಗಿರುತ್ತದೆ. ತೂಕವನ್ನು ಉದ್ದದಿಂದ ಗುಣಿಸಿ ೮ರಿಂದ ಭಾಗಿಸಿದರೆ ಅದು ಸಿಕ್ಕುತ್ತದೆ: ೧೨.೬ ಕಿಲೋಗ್ರಾಂ-ಮೀಟರು. ಈಗ ಆಧಾರಗಳನ್ನು ಒಳಕ್ಕೆ ಸರಿಸುತ್ತ ಬನ್ನಿ. ಹೊರಗೆ ಚಾಚಿದ ತುದಿಗಳ ತೂಕ ಕೆಳಕ್ಕೆ ಜಗ್ಗಿ ನಡುಭಾಗವನ್ನು ಮೇಲಕ್ಕೆತ್ತಲು ಯತ್ನಿಸುತ್ತದೆ; ನಡುವಿನ ಬಾಗುಬಲ ಇಳಿಯುತ್ತದೆ. ಜೊತೆಗೆ ಆಧಾರಗಳ ನೆತ್ತಿಯ ಮೇಲೆ ವಿರುದ್ಧ ದಿಕ್ಕಿನ ಬಾಗುಬಲವೊಂದು ಹುಟ್ಟಿ ಬೆಳೆಯುತ್ತದೆ. ಒಂದು ಇಳಿಯುತ್ತ, ಇನ್ನೊಂದು ಏರುತ್ತ, ಎರಡೂ ಸಮನಾಗುವ ಸ್ಥಾನವೇ ಅತ್ಯುತ್ತಮ. ಬೀಜಗಣಿತದ ವರ್ಗಸಮೀಕರಣವೊಂದನ್ನು ಬಿಡಿಸಿದರೆ ಆ ಸ್ಥಾನ ತುದಿಯಿಂದ ಉದ್ದದ ೦.೨೦೭ ಭಾಗದಲ್ಲಿದೆಯೆಂದು ತಿಳಿಯುತ್ತದೆ. ಅಲ್ಲಿ ಬಾಗುಬಲ ೨.೧೬ ಕಿಲೋಗ್ರಾಂ-ಮೀಟರು; ಮೊದಲಿನದರ ಸುಮಾರು ಆರನೆಯ ಒಂದು ಪಾಲು. ಒಂದು ಬಿಡಿಗಾಸಿನ ಖರ್ಚಿಲ್ಲದೆ, ಆಧಾರಗಳನ್ನು ಸರಿಸಿದುದರಿಂದಲೇ ದೊರೆತ ಲಾಭವಿದು. ಲೆಕ್ಕದ ಗೋಜು ಬೇಡವೆನ್ನುವವರು ಕಾಲುಭಾಗದಲ್ಲಿ ಆಧಾರ ಕೊಟ್ಟರೂ ಬಾಗುಬಲ ೩.೧೫ಕ್ಕೆ ಇಳಿದಿರುತ್ತದೆ.

ಈ ಸಮಸ್ಯೆ ದೋಣಿಗಿಂತ ಗಹನವಾದ ಕಾರ್ಯದಲ್ಲಿಯೂ ವಿಜ್ಞಾನಿಗಳನ್ನು ಕಾಡಿತ್ತು. ಅಳತೆಯ ಪ್ರಮಾಣದಂಡಗಳು ತಮ್ಮ ತೂಕದಿಂದಲೇ ಕೂದಲೆಳೆಯಷ್ಟು ಬಾಗಿದರೂ ಲೋಕದ ಅಳತೆಯೆಲ್ಲ ತಪ್ಪಾಗುತ್ತದೆ. ೧೮೪೫ರಲ್ಲಿ ಇಂಗ್ಲೆಂಡಿನ ರಾಜಖಗೋಳಜ್ಞ ಜಾರ್ಜ್ ಬಿಡೆಲ್ ಏರಿ, ಎರಡು ಆಧಾರಗಳ ನಡುವಣ ದೂರ ದಂಡದ ಉದ್ದದ ೦.೫೭೭ ಭಾಗವಿದ್ದರೆ ಅದರ ತುದಿಮುಖಗಳು ನೆಟ್ಟಗೆ ಉಳಿಯುವುವೆಂದು ತೋರಿಸಿದನು. ಉದ್ದದಲ್ಲಿ ಅತ್ಯಲ್ಪ ವ್ಯತ್ಯಾಸವಾಗಬೇಕಾದರೆ ದೂರ ೦.೫೫೯ ಇರಬೇಕು; ಜರ್ಮನ್ ಖಗೋಳಜ್ಞ ಬೆಸೆಲನ ಹೆಸರು ಈ ಬಿಂದುಗಳಿಗಿದೆ. ಪ್ಯಾರಿಸ್ ಬಳಿ ಇಟ್ಟಿರುವ ಪ್ಲಾಟಿನಂ-ಇರಿಡಿಯಂ ದಂಡ ೧೮೮೯ರಿಂದ ೧೯೬೦ರವರೆಗೆ ಮೀಟರಿನ ಪ್ರಮಾಣವಾಗಿತ್ತು. ಅದನ್ನು ೫೭೧ ಮಿಲಿಮೀಟರು ಅಂತರದ ಎರಡು ಉರುಳೆಗಳ ಮೇಲಿರಿಸಬೇಕೆಂದು ೧೯೨೭ರ ಅಂತರರಾಷ್ಟ್ರೀಯ ಸಮ್ಮೇಳನ ವಿಧಿಸಿತು. ನಮ್ಮ ಅಟ್ಟಣಿಗೆಯ ಆಧಾರಗಳ ಅಂತರ ಉದ್ದದ ೦.೫೮೬ ಭಾಗ, ಎಂದರೆ ೨.೪೬ ಮೀಟರು. ಕಯಾಕ್ ನಡುವೆ ಅಗಲವಾಗಿ ತುದಿಗಳಲ್ಲಿ ಕಿರಿದಾಗಿರುವುದರಿಂದ ತೂಕ ನಡುವಿಗೆ ಒತ್ತಿರುತ್ತದೆ. ಆದುದರಿಂದ ಸ್ವಲ್ಪ ತಗ್ಗಿಸಿ ೨.೪ ಮೀಟರು ಇಡೋಣ. ಒಳಗೆ ಅಡ್ಡಗೋಡೆಗಳಿರುವ ದೋಣಿಯಾದರೆ, ಅವುಗಳ ಸ್ಥಾನ ಈ ಅಳತೆಗೆ ಹತ್ತಿರವಿದ್ದಲ್ಲಿ ಆಧಾರ ಅವುಗಳ ಕೆಳಗೇ ಬರಲಿ.

ಬೋರಲು ಇಡುವುದರ ವಿವೇಕ

ಮೂವತ್ತು ಮಿಲಿಮೀಟರು ಅಗಲ, ಎರಡು ಮಿಲಿಮೀಟರು ದಪ್ಪದ ಪ್ಲಾಸ್ಟಿಕ್ ಅಳತೆಪಟ್ಟಿಯನ್ನು ಚಪ್ಪಟೆಯಾಗಿ ಹಿಡಿದು ಬಾಗಿಸಿರಿ; ಸುಲಭವಾಗಿ ಬಾಗುತ್ತದೆ. ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಬಾಗಿಸಲು ಪ್ರಯತ್ನಿಸಿರಿ; ಆಗುವುದಿಲ್ಲ. ಬಾಗದಿರುವ ಗುಣ ಅಗಲಕ್ಕೆ ಅನುಗುಣವಾಗಿ, ಆದರೆ ಆಳದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಈ ಪಟ್ಟಿಯಲ್ಲಿ ಅಂಚಿನ ಬಿಗಿತ ಚಪ್ಪಟೆಯ ಬಿಗಿತದ ೨೨೫ರಷ್ಟು.

ಕಯಾಕಿನ ತಳ ವಿಶಾಲವಾದ ತೆಳುಹಾಳೆ. ಚಪ್ಪಟೆಯಾಗಿ ಹಿಡಿದ ಪಟ್ಟಿಯಂತೆ ಒಳಕ್ಕೆ ಸುಲಭವಾಗಿ ತಗ್ಗುತ್ತದೆ. ತಳಭಾಗವೂ ಮೇಲ್ಮುಚ್ಚಳವೂ ಕೂಡುವ ಪಕ್ಕದ ಅಂಚಾದರೋ ತಿರುವು ಪಡೆದು ಗಟ್ಟಿಯಾಗಿದೆ. ಆದುದರಿಂದ ದೋಣಿಯನ್ನು ಬೋರಲು ಹಾಕಿ ಈ ಎರಡು ಅಂಚುಗಳ ಮೇಲೆ, ಇಲ್ಲವೆ ಪಕ್ಕಕ್ಕೆ ಹೊರಳಿಸಿ ಒಂದು ಅಂಚಿನ ಮೇಲೆ ಇಡುವುದು ಲೇಸು. ಬೋರಲು ಇಡುವುದರಿಂದ ಇನ್ನೊಂದು ಪ್ರಯೋಜನವಿದೆ. ಕುಳಿತುಕೊಳ್ಳುವ ಬಾಯಿಯ ವಿಸ್ತೀರ್ಣ ಸುಮಾರು ೦.೩ ಚದರ ಮೀಟರು. ನಮ್ಮ ಕರಾವಳಿಯಲ್ಲಿ ಆಷಾಢದ ಒಂದೇ ದಿನ ೧೦೦ ಮಿಲಿಮೀಟರು ಮಳೆ ಸುರಿಯುವುದುಂಟು. ಅಂಥ ದಿನ ಬಾಯಿ ಮೇಲಾಗಿಟ್ಟ ದೋಣಿಯೊಳಗೆ ೩೦ ಲೀಟರು ನೀರು ಬೀಳುತ್ತದೆ; ೩೦ ಕಿಲೋಗ್ರಾಂ ತೂಕ, ದೋಣಿಯ ತೂಕಕ್ಕಿಂತಲೂ ಹೆಚ್ಚು! ಬಾಗುಬಲ ಒಂದೇ ದಿನದಲ್ಲಿ ಇಮ್ಮಡಿಗೂ ಮೀರುತ್ತದೆ. ನಮ್ಮ ಅಂಬಿಗರು ಹರಿಗೋಲನ್ನು ಬೋರಲು ಹಾಕುವುದರಲ್ಲಿ ಈ ಲೆಕ್ಕವೂ ಅಡಗಿದೆ.

ಅಟ್ಟಣಿಗೆಯ ರಚನೆ

ನಾಲ್ಕು ದೋಣಿಗಳಿಗೆ ಸಾಲುವ ಅಟ್ಟಣಿಗೆಯನ್ನು ಎರಡು ಬಗೆಯಲ್ಲಿ ಕಟ್ಟಬಹುದು. ಏಣಿಗಳಂತಹ ಎರಡು ಚೌಕಟ್ಟುಗಳನ್ನು ನಿಲ್ಲಿಸಿ ಮೆಟ್ಟಿಲುಗಳ ಮೇಲೆ ದೋಣಿಯನ್ನು ತೂರಿಸುವುದು ಒಂದು ಬಗೆ. ಇದು ಭದ್ರವಾದರೂ, ದೋಣಿಯನ್ನು ತುದಿಯಿಂದ ತೂರಿಸಲು ಅಟ್ಟಣಿಗೆಯ ಮುಂದೆ ನಾಲ್ಕು ಮೀಟರು ಬಯಲು ಬೇಕು. ನಡುವೆ ಕಂಬ ನಿಲ್ಲಿಸಿ ಇಕ್ಕೆಲಕ್ಕೂ ತೋಳುಗಳನ್ನು ಚಾಚುವುದು ಎರಡನೆಯ ಬಗೆ. ಇಲ್ಲಿ ದೋಣಿಯನ್ನು ಪಕ್ಕದಿಂದ ಎತ್ತಿ ಇಡಬಹುದು. ನಾವು ಇದನ್ನೇ ಆರಿಸಿಕೊಳ್ಳೋಣ.

ಮೊದಲು ಎರಡು ಕಂಬಗಳು ಬೇಕು. ಒಂದೊಂದೂ ೯ ಸೆಂಟಿಮೀಟರು ಚೌಕ, ೧೭೦ ಸೆಂಟಿಮೀಟರು ಎತ್ತರ. ತೋಳುಗಳಿಗೆ ೪ ಸೆಂಟಿಮೀಟರು ದಪ್ಪ, ೯ ಸೆಂಟಿಮೀಟರು ಆಳ, ೧೪೦ ಸೆಂಟಿಮೀಟರು ಉದ್ದದ ಹಲಗೆಗಳು. ಕಂಬದ ಎರಡು ಮುಖಗಳಿಗೂ ಒಂದೊಂದು ಹಲಗೆಯನ್ನು ಆನಿಸಿ, ಹಲಗೆ-ಕಂಬ-ಹಲಗೆ ಮೂರನ್ನೂ ತೂರಿ ಹೋಗುವ ೧೨ ಮಿಲಿಮೀಟರಿನ ಎರಡು ಬೋಲ್ಟುಗಳನ್ನು ಕರ್ಣರೇಖೆಯಲ್ಲಿ ಹಾಕಿ ಬಿಗಿಯಬೇಕು. ಹೀಗೆ ಕಂಬದ ಎರಡೂ ಕಡೆಗೆ ೭೦ ಸೆಂಟಿಮೀಟರಿನಂತೆ ತೋಳುಗಳು ಚಾಚಿಕೊಳ್ಳುತ್ತವೆ. ಕೆಳಗಿನ ಜೋಡಿಯ ಮೇಲ್ಭಾಗ ನೆಲದಿಂದ ೪೫, ಮೇಲಿನ ಜೋಡಿಯದು ೧೧೫ ಸೆಂಟಿಮೀಟರು ಎತ್ತರದಲ್ಲಿರಲಿ. ಇದಕ್ಕಿಂತ ಎತ್ತರವಾದರೆ ೨೪ ಕಿಲೋಗ್ರಾಂ ದೋಣಿಯನ್ನು ಇಬ್ಬರು ಎತ್ತಿಡುವುದು ಕಷ್ಟ. ಕಂಬದ ಬುಡದಲ್ಲಿಯೂ ಇದೇ ರೀತಿ ೧೪೦ ಸೆಂಟಿಮೀಟರಿನ ಜೋಡಿಹಲಗೆಗಳ ಪಾದವನ್ನು ಕೂಡಿಸಬೇಕು.

ಬೋಲ್ಟಿಗಾಗಿ ರಂಧ್ರ ಕೊರೆದರೆ ಹಲಗೆ ದುರ್ಬಲವಾಗದೆ ಎಂದು ಕೇಳಬಹುದು. ಹಲಗೆ ಬಾಗಿದಾಗ ಅದರ ಮೇಲಂಚು ಹಿಗ್ಗಲೂ ಕೆಳಂಚು ಕುಗ್ಗಲೂ ಯತ್ನಿಸುತ್ತವೆ. ನಟ್ಟನಡುವಣ ಪದರ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಆ ಪದರದಲ್ಲಿ ೧೨ ಮಿಲಿಮೀಟರಿನ ರಂಧ್ರವಿದ್ದರೆ ಬಿಗಿತ ಶೇಕಡಾ ಕಾಲಿನಷ್ಟೂ ಕಡಮೆಯಾಗುವುದಿಲ್ಲ. ಅದೇ ರಂಧ್ರ ಅಂಚಿಗೆ ಸರಿದಂತೆಲ್ಲ ಹಾನಿ ಹೆಚ್ಚುತ್ತದೆ. ಆದುದರಿಂದ ಕರ್ಣರೇಖೆಯ ಬೋಲ್ಟುಗಳು ಹಲಗೆಯ ಅಂಚಿನಿಂದ ೨.೪ ಸೆಂಟಿಮೀಟರಾದರೂ ಒಳಗಿರಬೇಕು.

ಈಗ ಕೂಡಿಕೆಯನ್ನು ಪರಿಶೀಲಿಸೋಣ. ದೋಣಿಯ ಅಗಲ ೬೦ ಸೆಂಟಿಮೀಟರು. ಅದರ ನಡು ಕಂಬದ ನಡುವಿನಿಂದ ಸುಮಾರು ೩೭.೫ ಸೆಂಟಿಮೀಟರು ದೂರದಲ್ಲಿ ಬರುತ್ತದೆ. ಒಂದೊಂದು ತೋಳಿಗೆ ಬೀಳುವ ಭಾರ ೧೨ ಕಿಲೋಗ್ರಾಂ. ಒಂದು ಪಕ್ಕದಲ್ಲಿ ಮಾತ್ರ ದೋಣಿಯಿದ್ದರೆ ಕೂಡಿಕೆಯ ಮೇಲಿನ ತಿರುಗುಬಲ ೪೫೦ ಕಿಲೋಗ್ರಾಂ-ಸೆಂಟಿಮೀಟರು. ಬೋಲ್ಟುಗಳ ನಡುವಣ ದೂರ ೬ ಸೆಂಟಿಮೀಟರಾದುದರಿಂದ ಒಂದೊಂದು ಬೋಲ್ಟೂ ಮರವನ್ನು ೭೫ ಕಿಲೋಗ್ರಾಂ ಬಲದಿಂದ ಒತ್ತುತ್ತದೆ. ಇದು ಅಪಾಯಕರವಲ್ಲ. ಆದರೆ ತೋಳು ಕಂಡಲ್ಲಿ ಜೋತಾಡುವ ಹುಡುಗರನ್ನು ಲೆಕ್ಕಕ್ಕೆ ಸೇರಿಸದೆ ಏನನ್ನೂ ಕಟ್ಟಬಾರದು. ೫೦ ಕಿಲೋಗ್ರಾಂ ತೂಕದ ಬಾಲಕ ತುದಿಯಲ್ಲಿ ನೇತುಬಿದ್ದರೆ ತಿರುಗುಬಲ ೩೫೦೦; ಒಂದೊಂದು ಬೋಲ್ಟಿನ ಬಲ ೫೮೦ ಕಿಲೋಗ್ರಾಂ ಮೀರುತ್ತದೆ. ಹಲಗೆಯೇನೋ ಈ ಬಾಗುಬಲವನ್ನು ತಾಳುತ್ತದೆ; ಬೋಲ್ಟಿನ ಬಳಿ ಮರ ಎಳೆಗುಂಟ ಸೀಳುವ ಭಯವಿದೆ.

ಪರಿಹಾರ ಸುಲಭ. ಪ್ರತಿ ತೋಳಿನ ಅಡಿಯಲ್ಲಿ, ಕಂಬದಿಂದ ೨೫ ಸೆಂಟಿಮೀಟರು ದೂರದಲ್ಲಿ ಜೋಡಿಹಲಗೆಗಳ ಸಂದಿಗೆ ಓರೆಯಾದ ಆನಿಕೆಯೊಂದರ ತಲೆಯನ್ನು ಸೇರಿಸಿ, ಅದರ ಬುಡವನ್ನು ತೋಳಿನಿಂದ ೨೫ ಸೆಂಟಿಮೀಟರು ಕೆಳಗೆ ಕಂಬಕ್ಕೆ ಒತ್ತಿ ಬಿಗಿಯಬೇಕು. ಬುಡ ಜಾರದಂತೆ ಕೆಳಗೊಂದು ಮರದ ಗಟ್ಟಿಯನ್ನು ಕೂಡಿಸಬೇಕು. ಈಗ ತಿರುಗುಬಲವನ್ನು ಎದುರಿಸುವ ಎರಡು ಬಲಗಳ ನಡುವಣ ದೂರ ೬ ಸೆಂಟಿಮೀಟರಿನಿಂದ ಸುಮಾರು ೩೦ ಸೆಂಟಿಮೀಟರಿಗೆ ಏರಿತು. ಅಡ್ಡಬಲ ೧೨೦ ಕಿಲೋಗ್ರಾಮಿಗೆ ಇಳಿಯಿತು. ತೋಳು, ಕಂಬ, ಆನಿಕೆ ಮೂರೂ ಸೇರಿ ತ್ರಿಕೋನವಾದುವು. ಚೌಕವನ್ನು ಒತ್ತಿದರೆ ಬಾಹುಗಳ ಉದ್ದ ಬದಲಾಗದೆಯೇ ಅದು ವಾಲಿಕೊಳ್ಳುತ್ತದೆ. ತ್ರಿಕೋನ ವಾಲಬೇಕಾದರೆ ಅದರ ಬಾಹುವೊಂದು ಉದ್ದವಾಗಬೇಕು ಇಲ್ಲವೆ ಮುರಿಯಬೇಕು. ಇದೇ ಕಾರಣದಿಂದ, ೨.೪ ಮೀಟರು ಅಂತರದಲ್ಲಿ ನಿಲ್ಲಿಸಿದ ಎರಡು ಕಂಬಗಳನ್ನು ಬುಡದಲ್ಲಿ, ನಡುವೆ, ತಲೆಯಲ್ಲಿ ಮೂರು ಪಟ್ಟಿಗಳಿಂದ ಕೂಡಿಸಿದ ಮೇಲೆ ಮೂಲೆಯಿಂದ ಮೂಲೆಗೆ ಓರೆಪಟ್ಟಿಯೊಂದನ್ನು ಹೊಡೆಯಲೇಬೇಕು.

ತೋಳಿನ ಮೇಲೆ ದೋಣಿ ನೇರವಾಗಿ ಕುಳಿತುಕೊಳ್ಳಬಾರದು. ೧೨ ಕಿಲೋಗ್ರಾಂ ಭಾರ ಆರು ಚದರ ಸೆಂಟಿಮೀಟರು ಜಾಗಕ್ಕೆ ಬಿದ್ದರೆ ಒತ್ತಡ ೨ ಕಿಲೋಗ್ರಾಂ. ಜೋಡಿಹಲಗೆಗಳ ಮೇಲೆ ೧೭ ಸೆಂಟಿಮೀಟರು ಅಗಲದ ಪಟ್ಟಿಯನ್ನು ಹೊದಿಸಿ, ಅದರ ಮೇಲೆ ನೀರು ಹೀರದ ನೊರೆರಬ್ಬರಿನ ಮೆತ್ತೆಯನ್ನು ಅಂಟಿಸಿದರೆ, ದೋಣಿಯ ಎರಡು ಅಂಚುಗಳೂ ಮೆತ್ತೆಯಲ್ಲಿ ಹುದುಗಿ ನೂರು ಚದರ ಸೆಂಟಿಮೀಟರಿಗೂ ಮಿಕ್ಕಿ ಸ್ಪರ್ಶ ಸಿಗುತ್ತದೆ. ಒತ್ತಡ ಹತ್ತರಲ್ಲೊಂದಕ್ಕಿಂತ ಕಡಮೆಯಾಗುತ್ತದೆ. ಹಳೆಯ ಜಮಖಾನೆ, ಗೋಣಿತಟ್ಟುಗಳು ಬೇಡ. ನೀರು ಹಿಡಿದಿಟ್ಟು ಮರವನ್ನು ಕೊಳೆಯಿಸುತ್ತವೆ.

ಎಲ್ಲವೂ ಸೇರಿ ಸುಮಾರು ೬ ಘನ ಅಡಿ ಮರ ಸಾಕು. ಮರ ನೀರನ್ನು ಕುಡಿಯುವುದು ಮುಖ್ಯವಾಗಿ ಎಳೆಗಳು ಕಡಿದು ತೆರೆದ ತುದಿಗಳಿಂದ. ಆದುದರಿಂದ ಕತ್ತರಿಸಿದ ತುದಿಗಳಿಗೆಲ್ಲ ಜೋಡಿಸುವ ಮೊದಲೇ ಎಣ್ಣೆಬಣ್ಣವನ್ನು ಎರಡು ಸಲ ಹಚ್ಚಬೇಕು. ಪಾದಗಳ ಅಡಿಗೆ ಕಲ್ಲುಚಪ್ಪಡಿಗಳಿರಲಿ. ಗೆದ್ದಲಿಗೆ ನೆಲದಿಂದ ನೇರ ದಾರಿ ದೊರೆಯಬಾರದು. ಕಡಲತೀರದಲ್ಲಿ ಸಾದಾ ಕಬ್ಬಿಣದ ಬೋಲ್ಟು ಬಹುಬೇಗ ತುಕ್ಕುಹಿಡಿಯುತ್ತದೆ. ಸತುವಿನ ಲೇಪವುಳ್ಳವನ್ನೇ, ಅಗಲವಾದ ವಾಷರುಗಳೊಡನೆ ಬಳಸಬೇಕು.

ಗಾಳಿ ಮತ್ತು ಬಿಸಿಲು

ಅಟ್ಟಣಿಗೆ ಮಗುಚಿಬೀಳದೆ ಇರಬೇಕಾದರೆ ಒಟ್ಟು ತೂಕದ ಗುರುತ್ವಕೇಂದ್ರದಿಂದ ಎಳೆದ ಲಂಬರೇಖೆ ಪಾದಗಳ ಒಳಗೆ ಬೀಳಬೇಕು. ನಮ್ಮ ಪಾದ ತೋಳಿನಷ್ಟೇ ಉದ್ದವಾಗಿದೆ. ಆದುದರಿಂದ ಎರಡು ದೋಣಿಗಳೂ ಒಂದೇ ಪಕ್ಕದಲ್ಲಿದ್ದರೂ, ತೋಳಿನ ತುದಿಗೆ ಹುಡುಗ ಜೋತುಬಿದ್ದರೂ ಅದು ಮಗುಚುವುದಿಲ್ಲ.

ಗಾಳಿಯ ವಿಷಯ ಬೇರೆ. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗಂಟೆಗೆ ೭೨ ಕಿಲೋಮೀಟರು ವೇಗದ ಗಾಳಿ ಚದರ ಮೀಟರಿಗೆ ಸುಮಾರು ೨೪ ಕಿಲೋಗ್ರಾಂ ಬಲದಿಂದ ಒತ್ತುತ್ತದೆ. ಒಂದರ ಮೇಲೊಂದಿರುವ ಎರಡು ದೋಣಿಗಳ ಪಕ್ಕಗಳು ಸೇರಿ ಸುಮಾರು ೨ ಚದರ ಮೀಟರು. ಅವುಗಳ ಸರಾಸರಿ ಎತ್ತರ ಒಂದು ಮೀಟರು. ಆದುದರಿಂದ ಮಗುಚುವ ತಿರುಗುಬಲ ಸುಮಾರು ೪೮೦೦ ಕಿಲೋಗ್ರಾಂ-ಸೆಂಟಿಮೀಟರು. ಅಟ್ಟಣಿಗೆ ೮೦, ನಾಲ್ಕು ದೋಣಿಗಳು ೯೬, ಒಟ್ಟು ೧೭೬ ಕಿಲೋಗ್ರಾಂ ತೂಕವನ್ನು ಪಾದದ ೭೦ ಸೆಂಟಿಮೀಟರಿನಿಂದ ಗುಣಿಸಿದರೆ ತಡೆಯುವ ತಿರುಗುಬಲ ೧೨,೩೨೦. ಅಪಾಯವಿಲ್ಲ. ಆದರೆ ಗಾಳಿಯ ವೇಗ ಇಮ್ಮಡಿಯಾಗಿ ಗಂಟೆಗೆ ೧೪೪ ಕಿಲೋಮೀಟರಿಗೇರಿದರೆ ಮಗುಚುವ ಬಲ ನಾಲ್ಮಡಿಯಾಗಿ ೧೯,೦೦೦ವನ್ನು ದಾಟುತ್ತದೆ, ಅಟ್ಟಣಿಗೆ ಉರುಳುತ್ತದೆ. ಚಂಡಮಾರುತದ ಭಯವಿರುವ ಕಡೆ ಪಾದಗಳನ್ನು ನೆಲದಲ್ಲಿ ಹುಗಿದ ಗೂಟಗಳಿಗೆ ಬಿಗಿಯುವುದು ಅನಿವಾರ್ಯ. ಹಗುರವಾದ ದೋಣಿ ಸಣ್ಣ ಬಿರುಗಾಳಿಗೂ ತೋಳಿನಿಂದ ಹಾರಿ ಹತ್ತಿರವಿದ್ದವರಿಗೆ ಪೆಟ್ಟು ಮಾಡಬಲ್ಲದು. ಆದುದರಿಂದ ಎರಡು ಕಡೆ ಪಟ್ಟಿಯಿಂದ ಕಟ್ಟಬೇಕು.

ಈ ಪಟ್ಟಿಗಳನ್ನು ಬಲವಾಗಿ ಬಿಗಿಯಬಾರದು. ಬಿಗಿದ ಪಟ್ಟಿ ಹಗಲಿರುಳೂ ಒತ್ತುವ ಭಾರವೇ ಸರಿ. ಮೇಲಾಗಿ ಪಾಲಿಎಥಿಲೀನ್ ಬಿಸಿಲಿಗೆ ವಿಪರೀತ ಹಿಗ್ಗುತ್ತದೆ. ಉಷ್ಣತೆ ೩೦ ಡಿಗ್ರಿ ಏರಿದರೆ ೪.೨ ಮೀಟರಿನ ದೋಣಿ ಸುಮಾರು ೨ ಸೆಂಟಿಮೀಟರು ಉದ್ದವಾಗುತ್ತದೆ. ಅಷ್ಟೇ ಉದ್ದದ ಉಕ್ಕು ಒಂದೂವರೆ ಮಿಲಿಮೀಟರು ಮಾತ್ರ ಹಿಗ್ಗುತ್ತದೆ. ಬೆರಳೊಂದು ತೂರುವಷ್ಟು ಸಡಿಲವಿದ್ದರೆ ಸಾಕು.

ಬಿಸಿಲಿನಿಂದ ಕೇಡು ಎರಡು ಬಗೆಯದು. ಕಾದ ಪ್ಲಾಸ್ಟಿಕಿನಲ್ಲಿ ತೆವಳುವಿಕೆ ಚುರುಕಾಗುತ್ತದೆ. ಅದಲ್ಲದೆ, ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳ ಶಕ್ತಿ ಇಂಗಾಲದ ಪರಮಾಣುಗಳ ಬಂಧವನ್ನು ಕಡಿಯಲು ಸಾಲುವಷ್ಟಿದೆ. ಶುದ್ಧ ಪಾಲಿಎಥಿಲೀನ್ ಈ ಕಿರಣಗಳನ್ನು ಹೆಚ್ಚಾಗಿ ಹೀರುವುದಿಲ್ಲವಾದರೂ ಅದರಲ್ಲಿರುವ ಅಲ್ಪಸ್ವಲ್ಪ ಕಲ್ಮಷಗಳು ಹೀರಿಕೊಂಡು ವಿನಾಶಕ್ಕೆ ನಾಂದಿ ಹಾಡುತ್ತವೆ. ಸರಪಣಿಗಳು ತುಂಡಾದಂತೆಲ್ಲ ಬಣ್ಣ ಮಾಸಿ ಮೇಲ್ಮೈ ಬೆಳ್ಳಗಾಗಿ ದೋಣಿ ಪೆಡಸಾಗುತ್ತದೆ. ತಯಾರಕರು ಬೆರೆಸುವ ರಕ್ಷಕ ದ್ರವ್ಯಗಳು ಇದನ್ನು ನಿಧಾನಗೊಳಿಸುತ್ತವೆ, ತಡೆಯಲಾರವು. ನಾವು ಕಂಬಗಳನ್ನು ೧೭೦ ಸೆಂಟಿಮೀಟರು ಎತ್ತರ ಮಾಡಿದುದು ಇದಕ್ಕಾಗಿಯೇ. ಅವುಗಳ ತಲೆಯ ಮೇಲೆ ಗರಿಯ ಚಪ್ಪರವನ್ನೋ ಹಗುರವಾದ ಬಟ್ಟೆಯ ಮಾಡನ್ನೋ ಇಳಿಜಾರಾಗಿ ಹೊದಿಸಬಹುದು. ದೋಣಿಗೂ ಹೊದಿಕೆಗೂ ನಡುವೆ ಗಾಳಿಯಾಡಲು ಅವಕಾಶವಿರಬೇಕು. ಹೊದಿಕೆ ಗಾಳಿಗೆ ಹಾಯಿಯಂತೆ ಉಬ್ಬುವುದರಿಂದ ಬಿರುಗಾಳಿಯ ಮುನ್ಸೂಚನೆ ಬಂದಾಗ ಅದನ್ನು ಬಿಚ್ಚಿಡಬೇಕು.

ತಳ ಈಗಾಗಲೇ ತಗ್ಗಿರುವ ದೋಣಿಗೂ ಚಿಕಿತ್ಸೆಯುಂಟು. ಸಿಕ್ಕಾಗಿ ಹೆಣೆದುಕೊಂಡ ಸರಪಣಿಗಳು ತಮ್ಮ ಮೊದಲಿನ ಆಕಾರದ ನೆನಪನ್ನು ಒಂದಷ್ಟು ಉಳಿಸಿಕೊಂಡಿರುತ್ತವೆ. ಭಾರವನ್ನು ತೆಗೆದು ದೋಣಿಯನ್ನು ಕೆಲವು ಗಂಟೆ ಬಿಸಿಲಿಗೆ ಒಡ್ಡಿದರೆ, ಅಥವಾ ತಗ್ಗಿನ ಮೇಲೆ ಬಿಸಿನೀರು ಸುರಿದು ಒಳಗಿನಿಂದ ಮೆಲ್ಲಗೆ ಒತ್ತಿದರೆ, ಕಂಪನ ಹೆಚ್ಚಿದ ಸರಪಣಿಗಳು ಹಿಂದಕ್ಕೆ ಸರಿಯುತ್ತವೆ. ತಗ್ಗು ಬಹುಮಟ್ಟಿಗೆ ಮಾಯವಾಗುತ್ತದೆ. ಕೇಡಿಗೆ ಸಹಾಯಕವಾಗಿದ್ದ ಉಷ್ಣವೇ ಇಲ್ಲಿ ಪರಿಹಾರಕ್ಕೂ ಸಹಾಯಕವಾಗುತ್ತದೆ.

ಕಟ್ಟುವವರು ಮರವನ್ನು ಕೊಳ್ಳುವ ಮುನ್ನ ತಮ್ಮ ದೋಣಿಯ ಉದ್ದ, ಅಗಲ, ತೂಕಗಳನ್ನು ಅಳೆದು, ಮೇಲಿನ ಲೆಕ್ಕಗಳನ್ನು ಆ ಅಂಕಿಗಳಿಂದ ಮತ್ತೊಮ್ಮೆ ಮಾಡಿನೋಡಬೇಕು. ೩ ಮೀಟರಿನ ಹೊಳೆದೋಣಿಗೆ ೨.೪ ಮೀಟರು ಅಂತರ ಸಲ್ಲದು, ೧.೭೫ ಮೀಟರು ಸಾಕು. ಬೋಲ್ಟುಗಳನ್ನು ಮೊದಲ ಮಳೆಗಾಲ ಕಳೆದ ಕೂಡಲೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಬಿಗಿಮಾಡಬೇಕು. ಏಕೆಂದರೆ ಮರ ಒಣಗಿದಂತೆ ಕುಗ್ಗಿ ಕೂಡಿಕೆಗಳು ಸಡಿಲವಾಗುತ್ತವೆ. ಶಾಲೆಯಲ್ಲಿ ದೋಣಿಯಿಲ್ಲದವರೂ ಈ ಲೆಕ್ಕವನ್ನು ಉಪಯೋಗಿಸಬಹುದು. ಪುಸ್ತಕದ ಭಾರಕ್ಕೆ ನಡುವೆ ಜೋತುಬಿದ್ದ ಕಪಾಟಿನ ಹಲಗೆಯ ಆಧಾರಗಳನ್ನು ತುದಿಗಳಿಂದ ಐದನೆಯ ಒಂದು ಪಾಲಿನಷ್ಟು ಒಳಕ್ಕೆ ಸರಿಸಿ, ಮೊದಲಿನ ಬಾಗನ್ನೂ ಈಗಿನ ಬಾಗನ್ನೂ ದಾರ ಹಿಡಿದು ಅಳೆದು ನೋಡಿರಿ.